ಒಳಕಲ್ಲು: ಒಂದು ಚಟ್ನಿಪುಡಿ ಡಬ್ಬ, ಮೂರು ಸಲ ಪ್ರಿಂಟು, ಕೈಕೊಟ್ಟ ಒತ್ತಕ್ಷರ

ಕೊನೇ ಸೆಮಿಸ್ಟರ್ ಡಿಸೈನ್ ಪ್ರಾಜೆಕ್ಟ್ ನಿನ್ನೆ ಜ್ಯೂರಿಗೆ, ಅಂದ್ರೆ ಕೆಲಸ ನೋಡಿ ಅಳೆಯೋರ ಮುಂದೆ, ಹೋಯ್ತು. ಮಂಚದ ಕೆಳಗೆ ಇನ್ನೂ ಹದಿನಾಲ್ಕು ಹಾಳಾದ ಶೀಟ್ ಬಿದ್ದಿವೆ, ಅಮ್ಮ ಅದನ್ನ ಹಳೇ ಪೇಪರ್ ಜೊತೆ ತೂಕಕ್ಕೆ ಹಾಕೋದ್ರೊಳಗೆ ಯಾವ್ದು ಎಲ್ಲಿ ಎಡವಟ್ಟಾಯ್ತು ಅಂತ ಬರೆದಿಟ್ಟುಬಿಡ್ತೀನಿ. ಮುಂದಿನ ವರ್ಷ ಕನ್ನಡದಲ್ಲಿ ಪ್ಯಾಕೇಜಿಂಗ್ ಮಾಡೋರು ಯಾರಾದ್ರೂ ಇದ್ರೆ 750 ರೂಪಾಯಿ ಉಳೀಬಹುದು.

ಕೊಟ್ಟಿದ್ದ ಕೆಲಸ ಇಷ್ಟು: ನಿಜವಾಗ್ಲೂ ನಡೀತಿರೋ ಒಂದು ಸಣ್ಣ ವ್ಯಾಪಾರ ಹಿಡ್ಕೊಂಡು ಅದಕ್ಕೆ ಹೆಸರು, ಲೋಗೋ, ಪ್ಯಾಕ್, ಆರು ಸೆಕೆಂಡಿನ ಲೋಗೋ ಅನಿಮೇಶನ್ ಮಾಡ್ಬೇಕು. ಸಮಯ ಎಂಟು ವಾರ. ನಾನು ದೊಡ್ಡಮ್ಮನ್ನ ಹಿಡ್ಕೊಂಡೆ. ಗದಗ ಕಡೆಯವ್ರು, ಮದುವೆಯಾಗಿ ಬೆಂಗಳೂರಿನ ತ್ಯಾಗರಾಜನಗರಕ್ಕೆ ಬಂದು ಮೂವತ್ತು ವರ್ಷದ ಮೇಲಾಯ್ತು, ಮಾತು ಮಾತ್ರ ಇನ್ನೂ ಗದಗದಲ್ಲೇ ಇದೆ. ಶೇಂಗಾ ಚಟ್ನಿಪುಡಿ ಮಾಡಿ ಪ್ಲಾಸ್ಟಿಕ್ ಕವರಿಗೆ ಹಾಕಿ ಸ್ಟೇಪ್ಲರ್ ಹೊಡೆದು ಬೀದಿಯವ್ರಿಗೆಲ್ಲ ಮಾರ್ತಾರೆ.

ಜನವರಿ 18. ಹೆಸರು

ಮೊದ್ಲು ಇಟ್ಟ ಹೆಸರು ಕುಟ್ಟಾಣಿ. ಕೇಳೋಕೆ ಚೆನ್ನಾಗಿದೆ, ಮೂರೇ ಅಕ್ಷರ, ಆಕಾರನೂ ಮುದ್ದಾಗಿದೆ ಅಂತ ಸ್ಕೆಚ್‌ಬುಕ್ಕಲ್ಲಿ ನಲವತ್ತು ಲೋಗೋ ಗೀಚಿ ಅದ್ರಲ್ಲಿ ಮೂರು ಇಲಸ್ಟ್ರೇಟರ್ ಸಾಫ್ಟ್‌ವೇರಲ್ಲಿ ನೀಟಾಗಿ ಮಾಡ್ಕೊಂಡು ಹೋಗಿ ತೋರಿಸ್ದೆ. ದೊಡ್ಡಮ್ಮ ಕನ್ನಡಕ ಹಾಕ್ಕೊಂಡು ನೋಡಿ ಬಿದ್ದು ಬಿದ್ದು ನಕ್ರು. "ಏನ್ ಖೋಡಿ ಇದ್ದೀಯವಾ, ಕುಟ್ಟಾಣ್ಯಾಗ ಹಲ್ಲಿಲ್ಲದವ್ರು ಎಲಿ ಅಡಿಕಿ ಕುಟ್ಕೊಂಡು ತಿಂತಾರ. ಚಟ್ನಿಪುಡಿ ಒಳಕಲ್ಲಾಗ ಕುಟ್ಟತಾರ."

ಎಂಟು ದಿನದ ಕೆಲಸ ಒಂದು ನಗೂಗೆ ಹೋಯ್ತು. ತಪ್ಪು ನಂದೇ, ಹೆಸರಿಡೋಕೆ ಮುಂಚೆ ಒಂದು ಫೋನ್ ಮಾಡಿದ್ರೆ ಮುಗೀತಿತ್ತು. ಹೊಸ ಹೆಸರು ಅವ್ರ ಬಾಯಿಂದ್ಲೇ ಬಂತು, ಒಳಕಲ್ಲು. ಆಮೇಲೆ ಅಡುಗೆಮನೆಗೆ ಹೋಗಿ ನೋಡಿದ್ರೆ ಒಳಕಲ್ಲೂ ಇಲ್ಲ ಏನೂ ಇಲ್ಲ, ಎರಡನೇ ಮಹಡಿ ಫ್ಲ್ಯಾಟಲ್ಲಿ ಎಲ್ಲಿಂದ ಬರ್ಬೇಕು, ಇರೋದು ಮಿಕ್ಸಿ! ಹಂಗಾಗಿ ಪ್ಯಾಕ್ ಮೇಲೆ "ಕೈಯಲ್ಲಿ ಕುಟ್ಟಿದ್ದು" ಅಂತ ಬರೆದಿದ್ದ ಸಾಲು ಅವತ್ತೇ ಅಳಿಸ್ದೆ. ಹೆಸರು ಉಳಿಸ್ಕೊಂಡೆ. ಇದು ಅರ್ಧ ಸುಳ್ಳು ಅಂತ ಯಾರಾದ್ರೂ ಅಂದ್ರೆ ನನ್ನ ಹತ್ರ ಉತ್ತರ ಇರ್ಲಿಲ್ಲ ಆಗ.

ಜನವರಿ 24. ನೋಟ

ಎರಡನೇ ಎಡವಟ್ಟು ಇಳಕಲ್ ಸೀರೆ. ಉತ್ತರ ಕರ್ನಾಟಕ ಅಂದ ತಕ್ಷಣ ಕೈ ತಾನಾಗೇ ಇಳಕಲ್ ಅಂಚು, ಕಸೂತಿ ಕಡೆ ಹೋಗುತ್ತೆ, ನಾನೂ ಡಬ್ಬದ ಸುತ್ತ ಇಳಕಲ್ ಸೆರಗಿನ ಟೋಪಿ ತೆನಿ ಚಿತ್ತಾರ ಓಡಿಸಿದ್ದೆ. ಕ್ಲಾಸಲ್ಲಿ ಗೋಡೆಗೆ ಅಂಟಿಸಿ ನೋಡಿದ್ರೆ ಪಕ್ಕದೋಳದ್ದು ಚನ್ನಪಟ್ಟಣ ಬೊಂಬೆ, ಆಕಡೆಯವನದ್ದು ಯಕ್ಷಗಾನ ಕಿರೀಟ, ನಂದು ಇಳಕಲ್. ಮೂರೂ ಸೇರಿ ಸರ್ಕಾರಿ ಕ್ಯಾಲೆಂಡರ್ ಥರ ಕಾಣ್ತಿತ್ತು. ನಮ್ಮ ಮೇಡಂ ಒಂದೇ ಮಾತು ಕೇಳಿದ್ರು, ಚಟ್ನಿಪುಡಿಗೂ ಸೀರೆಗೂ ಏನಮ್ಮ ಸಂಬಂಧ ಅಂತ. ತೆಗೆದು ಹಾಕ್ದೆ.

ಉಳ್ಕೊಂಡಿದ್ದು ಮೇಲಿಂದ ನೋಡಿದಾಗ ಕಾಣೋ ಒಳಕಲ್ಲು: ಒಂದು ದಪ್ಪ ಉಂಗುರ, ಒಳಗೆ ಸಣ್ಣ ಕುಳಿ, ಸುತ್ತ ಚೆಲ್ಲಿರೋ ಶೇಂಗಾ ಚುಕ್ಕೆಗಳು. ಬಣ್ಣ ಬ್ಯಾಡಗಿ ಮೆಣಸಿನಕಾಯಿ ಕೆಂಪು. ಬ್ಯಾಡಗಿದು ಖಾರ ಕಮ್ಮಿ ಬಣ್ಣ ಜಾಸ್ತಿ ಅನ್ನೋದು ಅಡುಗೆ ಮಾಡೋರಿಗೆಲ್ಲ ಗೊತ್ತು. ಒಣ ಮೆಣಸಿನಕಾಯಿ ಒಂದನ್ನ ಕಿಟಕಿ ಬೆಳಕಲ್ಲಿಟ್ಟು ಅದ್ರ ಪಕ್ಕಕ್ಕೇ ಪ್ರಿಂಟ್ ತುಂಡು ಹಿಡಿದು ಹೊಂದಿಸ್ದೆ, ಕೊನೆಗೆ ನಿಂತಿದ್ದು, ಪ್ರಿಂಟಿನ ನಾಲ್ಕು ಬಣ್ಣದ ಶೇಕಡಾ ಲೆಕ್ಕದಲ್ಲಿ, ಸಯಾನ್ 15, ಮಜೆಂಟಾ 100, ಹಳದಿ 90, ಕಪ್ಪು 20.

ಅಕ್ಷರಕ್ಕೆ ಬಲೂ ತಮ್ಮ ಅನ್ನೋ ಫಾಂಟ್ ಬೇಡ ಅಂತ ಮೊದ್ಲೇ ನಿರ್ಧಾರ ಮಾಡಿದ್ದೆ, ಫಾಂಟ್ ಕೆಟ್ಟದಲ್ಲ, ಆದ್ರೆ ನಮ್ಮ ಕ್ಲಾಸಲ್ಲಿ ಅರ್ಧ ಜನ ಅದೇ. ಅನೇಕ್ ಕನ್ನಡ ತಗೊಂಡೆ, ಅದ್ರಲ್ಲಿ ದಪ್ಪನೂ ಅಗಲನೂ ಎರಡೂ ಬೇಕಾದಂಗೆ ಎಳೀಬಹುದು. ಹಿಂದುಗಡೆ ಸಣ್ಣಕ್ಷರಕ್ಕೆ ನೋಟೋ ಸ್ಯಾನ್ಸ್ ಕನ್ನಡ.

ಇಲ್ಲೇ ಒತ್ತಕ್ಷರ ಮೊದಲ್ನೇ ಸಲ ಕೈ ಕೊಡ್ತು. ಟೈಪ್ ಮಾಡಿದ್ರೆ "ಒಳಕಲ್‌ಲು" ಅಂತ ಬಂತು. ಕೊನೇ ಅಕ್ಷರದ ಕೆಳಗೆ ಇರ್ಬೇಕಾದ ಒತ್ತು ಇಲ್ಲ, ಲ್ ಪಕ್ಕದಲ್ಲಿ ಲು ಬಂದು ನಿಂತಿದೆ. ಬೆಂಗಳೂರಲ್ಲಿ ಫ್ಲೆಕ್ಸ್ ಬೋರ್ಡ್ ಓದೋ ಅಭ್ಯಾಸ ಇರೋರಿಗೆ ಈ ರೋಗ ಗೊತ್ತಿರುತ್ತೆ. ಮದ್ದು: ಇಲಸ್ಟ್ರೇಟರ್ ಪ್ರಿಫರೆನ್ಸಸಲ್ಲಿ ಟೈಪ್ ಒಳಗೆ ಇಂಡಿಕ್ ಆಪ್ಷನ್ಸ್ ಟಿಕ್ ಮಾಡಿ, ಆಮೇಲೆ ಪ್ಯಾರಾಗ್ರಾಫ್ ಪ್ಯಾನೆಲ್ ಮೆನುಲಿ ಸೌತ್ ಏಷ್ಯನ್ ಕಂಪೋಸರ್ ಆರಿಸ್ಬೇಕು. ಎರಡೂ ಮಾಡ್ಬೇಕು, ಒಂದು ಮಾಡಿದ್ರೆ ಸಾಲಲ್ಲ. ನಾನು ಒಂದೇ ಮಾಡಿ ಒಂದು ಸಂಜೆ ಪೂರ್ತಿ ಫಾಂಟಿಗೆ ಬೈಕೊಂಡು ಕೂತಿದ್ದೆ.

ಫೆಬ್ರವರಿ 1. ಪೌಚು, ಡಬ್ಬ

ಸೌತ್ ಎಂಡ್ ಸರ್ಕಲಿಂದ ಮೆಟ್ರೋ ಹತ್ತಿ ಚಿಕ್ಕಪೇಟೆಲಿ ಇಳಿದು ಮಾಮೂಲ್‌ಪೇಟೆ. 200 ಗ್ರಾಂ ಹಿಡಿಯೋ ಜಿಪ್ ಪೌಚು, ಒಳಗಡೆ ಬೆಳ್ಳಿ ಪದರ ಇರೋದು, ಚಪ್ಪಟೆ ಇದ್ದಾಗ ಅಗಲ 110 ಎಂಎಂ, 50ಕ್ಕೆ 250 ರೂಪಾಯಿ. ಶೇಂಗಾ ಎಣ್ಣೆ ಬಿಡುತ್ತೆ, ಬರೀ ಕಾಗದದ ಡಬ್ಬಕ್ಕೆ ಹಾಕಿ ಒಂದು ರಾತ್ರಿ ಇಟ್ಟು ನೋಡಿದ್ದೆ, ಬೆಳಿಗ್ಗೆಗೆ ತಳದಲ್ಲಿ ಬೋಂಡ ಕಟ್ಟಿದ ಪೇಪರ್ ಥರ ಕಲೆ. ಅದಕ್ಕೆ ಒಳಗೆ ಪೌಚು, ಹೊರಗೆ ಡಬ್ಬ.

ಡಬ್ಬದ ಅಳತೆ 90 ಅಗಲ, 140 ಎತ್ತರ, 50 ಆಳ ಅಂತ ಹಾಕ್ದೆ. ಹೆಂಗೆ ಬಂತು ಈ ಅಳತೆ? ಕಂಪ್ಯೂಟರ್ ಮೇಲೆ ಚೆನ್ನಾಗಿ ಕಾಣ್ತಿತ್ತು, ಅಷ್ಟೇ. ಪೌಚಿಗೆ ಪುಡಿ ತುಂಬಿ ಅಳೆದೇ ಇರ್ಲಿಲ್ಲ. ಆರು ಶೀಟ್ ಪ್ರಿಂಟ್ ಮಾಡ್ಸಿ, ಕತ್ತರಿಸಿ, ಅಂಟಿಸಿ, ಪೌಚ್ ಇಳಿಸೋಕೆ ಹೋದ್ರೆ ಇಳೀತಿಲ್ಲ. ತುಂಬಿದ ಪೌಚು ಹೊಟ್ಟೆ ಉಬ್ಬಿಸ್ಕೊಂಡು 96 ಎಂಎಂ ಅಗಲ ನಿಂತಿತ್ತು. ಒತ್ತಿ ತಳ್ಳಿದ್ರೆ ಡಬ್ಬದ ಪಕ್ಕ ಉಬ್ಬಿ ಕುಂಬಳಕಾಯಿ ಆಗ್ತಿತ್ತು. ಆರು ಶೀಟು, 270 ರೂಪಾಯಿ, ನೀರಲ್ಲಿ.

ಎರಡನೇ ಅಳತೆ 100, 150, 50. ಈ ಸಲ ಮೊದ್ಲು ಹಳೇ ಸಿಹಿ ಡಬ್ಬ ಬಿಚ್ಚಿ ಅದ್ರ ರಟ್ಟಲ್ಲಿ ಬಿಳಿ ಮಾದರಿ ಮಾಡಿ ಪೌಚ್ ಇಳಿಸಿ ನೋಡ್ದೆ. ಬಿಚ್ಚಿ ಹರಡಿದ್ರೆ 315 ಅಗಲ (ಅಂಟಿಸೋ ಪಟ್ಟಿ 15 ಸೇರಿ), ಮೇಲೆ ಕೆಳಗೆ ಮುಚ್ಚಳ ಸೇರಿ 280 ಎತ್ತರ. 13 ಇಂಚು 19 ಇಂಚಿನ ಶೀಟಲ್ಲಿ ಒಂದು ಡಬ್ಬ ಕೂರುತ್ತೆ, ಅಡ್ಡಾನೂ ಕೂರುತ್ತೆ ಉದ್ದಾನೂ ಕೂರುತ್ತೆ. ಈ ಕೊನೇ ವಿಷಯ ಮುಂದೆ ಕಾಪಾಡ್ತು.

ಫೆಬ್ರವರಿ 7. ಕ್ರಾಫ್ಟ್ ಪೇಪರ್ ಅನ್ನೋ ಮೋಹ

ಮನೆಯಲ್ಲಿ ಮಾಡಿದ್ದು ಅಂದ್ರೆ ಕಂದು ಕ್ರಾಫ್ಟ್ ಪೇಪರ್ ಅಂತ ಎಲ್ರ ತಲೇಲೂ ಕೂತಿದೆ, ನನ್ನ ತಲೇಲೂ ಕೂತಿತ್ತು. ಸುಲ್ತಾನ್‌ಪೇಟೆಲಿ ಮದುವೆ ಕಾರ್ಡು ಅಂಗಡಿಗಳ ಮಧ್ಯೆ ಒಂದು ಡಿಜಿಟಲ್ ಪ್ರಿಂಟ್ ಅಂಗಡಿಲಿ ಮೂರು ಶೀಟ್ ಟೆಸ್ಟ್ ಹಾಕ್ಸಿದೆ, ಒಂದಕ್ಕೆ 40. ಬ್ಯಾಡಗಿ ಕೆಂಪು ಹೋಗಿ ಇಟ್ಟಿಗೆ ಪುಡಿ ಬಣ್ಣ ಬಂತು. ಆ ಮಷಿನಲ್ಲಿ ಬಿಳಿ ಶಾಯಿ ಇಲ್ಲ, ಕಾಗದ ಕಂದಾದ್ರೆ ಮೇಲೆ ಬೀಳೋ ಬಣ್ಣ ಎಲ್ಲಾ ಕಂದಿಗೆ ಬೆರೆಯುತ್ತೆ, ಬಿಳಿ ಅಂತ ಬಿಟ್ಟ ಜಾಗನೂ ಕಂದೇ. ಮಷಿನ್ ಮುಂದಿದ್ದ ಅಣ್ಣ ನೋಡಿ, "ಮೇಡಂ, ಇದು ಹಳೇದಾಗಿದೆ ಅಂತ ಅಂದ್ಕೋತಾರೆ ಗಿರಾಕಿ" ಅಂದ್ರು. ಎರಡು ತಿಂಗಳಲ್ಲಿ ನಂಗೆ ಸಿಕ್ಕ ಅತ್ಯಂತ ಉಪಯೋಗದ ವಿಮರ್ಶೆ ಇದು. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗೋ) ಬಿಳಿ ಬೋರ್ಡಿಗೆ ಬಂದೆ, ಶೀಟಿಗೆ 45.

ಫೆಬ್ರವರಿ 14. ಮಡಿಕೆ

ಡೈ (ಡಬ್ಬದ ಆಕಾರಕ್ಕೆ ಕತ್ತರಿಸೋ ಅಚ್ಚು) ಮಾಡ್ಸಿ ಕಟ್ ಮಾಡ್ಸೋಕೆ ಕೇಳಿದ್ರೆ ಡೈಗೇ 2,800 ಅಂದ್ರು, ಹನ್ನೆರಡು ಡಬ್ಬಕ್ಕೆ ಅದು ಹುಚ್ಚಾಟ, ಕೈಯಲ್ಲೇ ಮಾಡ್ದೆ. ಸ್ಟೀಲ್ ಸ್ಕೇಲು, ಕಟ್ಟರ್, ಕಟಿಂಗ್ ಮ್ಯಾಟು.

ಲೋಗೋನ ಮುಂದಿನ ಮುಖದ ತಳಕ್ಕೆ ದೊಡ್ಡದಾಗಿ ಇಟ್ಟಿದ್ದೆ, ಎಷ್ಟು ತಳಕ್ಕೆ ಅಂದ್ರೆ ಲ್ಲು ಅಕ್ಷರದ ಒತ್ತು ಅಂಚು ದಾಟಿ ಅಡಿಭಾಗಕ್ಕೆ ಸ್ವಲ್ಪ ತಿರುಗ್ತಿತ್ತು. ಸ್ಕ್ರೀನಲ್ಲಿ ಭಾಳ ಸ್ಟೈಲಾಗಿತ್ತು. ಎಂಟು ಶೀಟ್ ಪ್ರಿಂಟ್ ತಂದು, ಮಡಚೋ ಗೆರೆ ಮೇಲೆ ಕಟ್ಟರಲ್ಲಿ ಮೆಲ್ಲಗೆ ಗೀರಿ ಮಡಚಿದೆ. ಟಪ್ ಅಂತ ಬಣ್ಣ ಒಡೀತು. ಕೆಂಪಿನ ಮಧ್ಯೆ ಬಿಳಿ ಬಿರುಕು, ಸರಿಯಾಗಿ ಒತ್ತಿನ ಕತ್ತಿನ ಮೇಲೆ. ಎರಡಡಿ ದೂರ ನಿಂತು ನೋಡಿದ್ರೆ ಒತ್ತು ಕಾಣ್ತಾನೇ ಇಲ್ಲ. ತಮ್ಮ ಬಾಗಿಲಲ್ಲೇ ನಿಂತು ಓದಿದ: "ಒಳಕಲು ಅಂದ್ರೇನೇ?"

ಇಲ್ಲಿ ಮೂರು ತಪ್ಪು ಒಂದ್ರ ಮೇಲೊಂದು ಕೂತಿದ್ವು, ಬಿಡಿಸೋಕೆ ಎರಡು ದಿನ ಹಿಡೀತು. ಮೊದಲ್ನೇದು, ಗೀರಿದ್ದೇ ತಪ್ಪು. ಬ್ಲೇಡ್ ಮೇಲ್ಪದರ ಕೊಯ್ದುಹಾಕುತ್ತೆ. ಗೀರಬಾರ್ದು, ಒತ್ಬೇಕು. ಶಾಯಿ ಮುಗಿದ ಬಾಲ್ ಪೆನ್ನು ತಗೊಂಡು ಸ್ಕೇಲ್ ಇಟ್ಟು ಗೆರೆ ಮೇಲೆ ಮೂರು ಸಲ ಗಟ್ಟಿಯಾಗಿ ಎಳೆದು ಆಮೇಲೆ ಮಡಚಿದ್ರೆ ಕಾಗದ ತಗ್ಗಿಗೆ ತಾನಾಗೇ ಬಾಗುತ್ತೆ. ಮ್ಯಾಟ್ ಮೇಲೆ ಬೇಡ, ಕೆಳಗೆ ಎರಡು ಪದರ ನ್ಯೂಸ್‌ಪೇಪರ್ ಹಾಕ್ಕೊಳ್ಳಿ. ಎರಡನೇದು ಗ್ರೇನ್. ಬೋರ್ಡಿಗೆ ನಾರಿನ ದಿಕ್ಕು ಇರುತ್ತೆ, ಆ ದಿಕ್ಕಿಗೆ ಮಡಚಿದ್ರೆ ನೀಟು, ಅಡ್ಡ ಮಡಚಿದ್ರೆ ಟೋನರ್, ಅಂದ್ರೆ ಮೇಲಿರೋ ಪ್ರಿಂಟಿನ ಬಣ್ಣ, ಒಡೆಯುತ್ತೆ. ಕಂಡುಹಿಡಿಯೋದು ಸುಲಭ, ತುಂಡೊಂದನ್ನ ಎರಡೂ ಕಡೆ ಬಗ್ಗಿಸಿ ನೋಡಿ, ಯಾವ ಕಡೆ ಸಲೀಸಾಗಿ ಬಗ್ಗುತ್ತೋ ಮಡಿಕೆ ಅದೇ ಥರ ಬರ್ಬೇಕು. ನಾನು ಉಲ್ಟಾ ಹಾಕಿದ್ದೆ. ಡಬ್ಬ ಶೀಟಲ್ಲಿ ಎರಡೂ ಥರ ಕೂರೋದ್ರಿಂದ ಫೈಲನ್ನ 90 ಡಿಗ್ರಿ ತಿರುಗಿಸಿದ್ರೆ ಆಯ್ತು, ಮೇಲೆ ಕೆಳಗಿನ ಮಡಿಕೆ ಸರಿಹೋಯ್ತು. ಆದ್ರೆ ಆಗ ನಿಂತ ಮಡಿಕೆಗಳು ಅಡ್ಡಕ್ಕೆ ಬರ್ತವೆ, ಅದಕ್ಕೆ ಪಕ್ಕದ ಮುಖಗಳ ಕೆಂಪು ತೆಗೆದು ಬಿಳಿ ಬಿಟ್ಟೆ, ಕೆಂಪನ್ನ ಅಂಚಿಗಿಂತ 2 ಎಂಎಂ ಒಳಗೇ ನಿಲ್ಲಿಸ್ದೆ. ಒಡೆದ್ರೂ ಬಿಳಿ ಮೇಲೆ ಬಿಳಿ, ಕಾಣಲ್ಲ.

ಮೂರನೇದು ಡಿಸೈನ್ ತಪ್ಪು. ಕನ್ನಡ ಅಕ್ಷರದ ಅರ್ಧ ಜೀವ ಗೆರೆ ಕೆಳಗಿರುತ್ತೆ. ಇಂಗ್ಲಿಷ್ ಲೋಗೋ ನೋಡಿ ನೋಡಿ ಕಲ್ತ ಕಣ್ಣು ಅಕ್ಷರ ಕೂರೋ ಗೆರೆಯನ್ನೇ ತಳ ಅನ್ಕೊಳ್ಳುತ್ತೆ, ಒತ್ತು ಏನೋ ನೇತಾಡೋ ಬಾಲ ಅಂತ ಬಿಟ್ಬಿಡುತ್ತೆ. ಲೋಗೋನ 14 ಎಂಎಂ ಮೇಲಕ್ಕೆ ಎತ್ತಿದೆ, ಈಗ ಒತ್ತಿನ ಕೆಳಗೂ ಒಂದು ಬೆರಳು ಜಾಗ ಇದೆ. ಸ್ಟೈಲ್ ಸ್ವಲ್ಪ ಕಮ್ಮಿಯಾಯ್ತು, ಓದೋಕೆ ಬರುತ್ತೆ.

ಎಂಟು ಶೀಟು, 360 ರೂಪಾಯಿ.

ಫೆಬ್ರವರಿ 21. ಹಿಂದುಗಡೆ

ಯಾರಿಗೂ ಇಷ್ಟ ಇಲ್ಲದ ಕೆಲಸ. ಸಾಮಗ್ರಿ ಪಟ್ಟಿನ ದೊಡ್ಡಮ್ಮನ ಪಕ್ಕದ ಮನೆಯವ್ರು ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ಕಳ್ಸಿದ್ರು, ಹಳೇ ಫಾಂಟು, ಯುನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಒಂದೇ ಆಗಿರೋ ಅಕ್ಷರ ಸಂಕೇತ) ಅಲ್ಲ, ಪೇಸ್ಟ್ ಮಾಡಿದ್ರೆ ಬರೀ ಇಂಗ್ಲಿಷ್ ಗೀಚುಗಳು. ಐದು ಸಾಲಿಗೆ ಕನ್ವರ್ಟರ್ ಯಾಕೆ ಅಂತ ಮತ್ತೆ ಟೈಪ್ ಮಾಡ್ದೆ. ಸಾಮಗ್ರಿಗಳನ್ನ ತೂಕ ಜಾಸ್ತಿ ಇರೋದ್ರಿಂದ ಕಮ್ಮಿ ಇರೋದ್ರ ಕಡೆಗೆ ಬರೀಬೇಕು ಅನ್ನೋ ನಿಯಮ ಇದೆ, ದೊಡ್ಡಮ್ಮನ್ನ ಕೇಳಿದ್ರೆ "ಅಂದಾಜಿಲೆ ಹಾಕ್ತೀನವಾ". ಕಿಚನ್ ಸ್ಕೇಲ್ ಇಟ್ಕೊಂಡು ಅವ್ರು ಹಾಕೋ ಪ್ರತಿ ಮುಷ್ಟಿನೂ ತೂಗಿದೆ. ಶೇಂಗಾ, ಬೆಳ್ಳುಳ್ಳಿ, ಮೆಣಸಿನಪುಡಿ, ಉಪ್ಪು, ಜೀರಿಗೆ. ಶೇಂಗಾ ಅಲರ್ಜಿ ವಸ್ತು, ಅದನ್ನ ಬೇರೆಯಾಗಿ ಹೇಳ್ಬೇಕು.

ನಾನು ಹಿಂದುಗಡೆ ಪೂರ್ತಿ ಕನ್ನಡದಲ್ಲೇ ಮಾಡಿದ್ದೆ, ಹೆಮ್ಮೆ ಬೇರೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರ ಪ್ರಾಧಿಕಾರ) ನಿಯಮ ಓದಿದ್ರೆ ವಿವರ ಇಂಗ್ಲಿಷಲ್ಲೋ ದೇವನಾಗರಿ ಹಿಂದಿಯಲ್ಲೋ ಇರಲೇಬೇಕು, ಬೇರೆ ಭಾಷೆ ಜೊತೆಗೆ ಹಾಕ್ಕೋಬಹುದು. ಜೊತೆಗೆ! ಬೇಜಾರಾಯ್ತು, ಆದ್ರೂ ಇಂಗ್ಲಿಷ್ ಸೇರಿಸ್ದೆ, ಜಾಗಕ್ಕೆ ಅಂತ ಬರೆದಿದ್ದ "ನಮ್ಮ ಕಥೆ" ಪ್ಯಾರಾ ಕಿತ್ತಾಕ್ದೆ. ಅದು ಹೋಗಿದ್ದಕ್ಕೆ ಯಾರೂ ಅಳ್ಲಿಲ್ಲ.

ಸಸ್ಯಾಹಾರಿ ಗುರುತು ಚೆನ್ನಾಗಿ ಕಾಣಲ್ಲ ಅಂತ 5 ಎಂಎಂ ಚೌಕ ಮಾಡಿ ಮೂಲೆಗೆ ತಳ್ಳಿದ್ದೆ. ಮುಂದಿನ ಮುಖ 100 ಚದರ ಸೆಂಟಿಮೀಟರ್ ದಾಟಿದ್ರೆ ಹಸಿರು ಚುಕ್ಕೆ ಕನಿಷ್ಠ 4 ಎಂಎಂ ವ್ಯಾಸ, ಚೌಕದ ಬದಿ ಅದ್ರ ಎರಡು ಪಟ್ಟು. ನಂದು 150, ಅಂದ್ರೆ 8 ಎಂಎಂ ಚೌಕ ಬೇಕು. ದೊಡ್ಡದು ಮಾಡ್ದೆ. ಲೈಸೆನ್ಸ್ ನಂಬರ್ ಜಾಗದಲ್ಲಿ ಹದಿನಾಲ್ಕು ಸೊನ್ನೆ, ದೊಡ್ಡಮ್ಮ ಇನ್ನೂ ಮಾಡ್ಸಿಲ್ಲ.

ಒಂದು ಜಗಳನೂ ಆಯ್ತು. ಗೆಳತಿ ಹೇಳಿದ್ಲು, ಬಸವನಗುಡಿಲಿ ಕಡಲೆಕಾಯಿ ಪರಿಷೆ ಮಾಡೋ ಊರಲ್ಲಿ ಶೇಂಗಾ ಅಂತ ಬರೆದ್ರೆ ಯಾರಿಗೆ ಅರ್ಥ ಆಗುತ್ತೆ ಅಂತ. ದೊಡ್ಡಮ್ಮಂಗೆ ಇದನ್ನ ಹೇಳೋ ಧೈರ್ಯನೇ ಬರ್ಲಿಲ್ಲ. ಶೇಂಗಾ ಅಂತಾನೇ ಇದೆ.

ಮಾರ್ಚ್ 1ರಿಂದ 9. ಅನಿಮೇಶನ್

ಐಡಿಯಾ ಸುಲಭ ಅನ್ಸಿತ್ತು. ಒನಕೆ ಬೀಳುತ್ತೆ, ಒಂದೊಂದು ಏಟಿಗೂ ಒಂದೊಂದು ಅಕ್ಷರ ಎಗರುತ್ತೆ. ಚೌಕ ಫ್ರೇಮು, 1080ಕ್ಕೆ 1080, ಸೆಕೆಂಡಿಗೆ 25 ಫ್ರೇಮು, ಒಟ್ಟು 150.

ಆಫ್ಟರ್ ಎಫೆಕ್ಟ್ಸ್ ಅನ್ನೋ ಅನಿಮೇಶನ್ ಸಾಫ್ಟ್‌ವೇರಲ್ಲಿ ಮೊದ್ಲು ಟೆಕ್ಸ್ಟ್ ಎಂಜಿನ್ನನ್ನ ಸೌತ್ ಏಷ್ಯನ್‌ಗೆ ಬದಲಾಯಿಸ್ದೆ, ಒತ್ತು ಸರಿಯಾಗಿ ಕೂತ್ಕೊಳ್ತು, ಗೆದ್ದೆ ಅನ್ಕೊಂಡೆ. ಅಕ್ಷರ ಅಕ್ಷರಕ್ಕೆ ಅನಿಮೇಟರ್ ಹಾಕಿದ ತಕ್ಷಣ ಲ್ಲು ಚೂರು ಚೂರು. ನಮ್ಮ ಕಣ್ಣಿಗೆ ಒಳಕಲ್ಲು ನಾಲ್ಕು ಅಕ್ಷರ, ಯುನಿಕೋಡಿಗೆ ಏಳು: ಒ, ಳ, ಕ, ಲ, ಅರ್ಧ ಮಾಡೋ ಚಿಹ್ನೆ, ಇನ್ನೊಂದು ಲ, ಕೊಂಬು. ಮೇಲಿನ ಲ ಒಂದು ಕಡೆ ಹಾರ್ತು, ಒತ್ತು ಇನ್ನೊಂದು ಕಡೆ ಬಿತ್ತು.

ಟೆಕ್ಸ್ಟ್ ಬಿಟ್ಟು ಇಲಸ್ಟ್ರೇಟರಲ್ಲಿ ಅಕ್ಷರಗಳನ್ನ ಔಟ್‌ಲೈನ್, ಅಂದ್ರೆ ಬರೀ ಆಕಾರ, ಮಾಡ್ಕೊಂಡು ಬಂದೆ. ಅಲ್ಲೂ ಅವಸರದಲ್ಲಿ, ಆಕಾರ ಮತ್ತು ಅದ್ರ ತೂತನ್ನ ಒಂದಾಗಿ ಹಿಡಿದಿರೋ ಕಾಂಪೌಂಡ್ ಪಾತನ್ನ ಬಿಡಿಸೋ ರಿಲೀಸ್ ಒತ್ತಿಬಿಟ್ಟು ಒ, ಳ, ಕ ಹೊಟ್ಟೆಯ ತೂತುಗಳೆಲ್ಲ ಕೆಂಪಾಗಿ ಮುಚ್ಕೊಂಡ್ವು, ಬರೀ ಅನ್‌ಗ್ರೂಪ್ ಮಾಡಿದ್ರೆ ಸಾಕಿತ್ತು. ನಾಲ್ಕು ಅಕ್ಷರ ನಾಲ್ಕು ಲೇಯರು, ಒತ್ತಿಗೆ ಮಾತ್ರ ಬೇರೆ ಐದನೇ ಲೇಯರು, ಅದನ್ನ ಲು ಜೊತೆಗೇ ಓಡಾಡೋ ಹಂಗೆ ಲುಗೆ ಪೇರೆಂಟ್ ಮಾಡ್ದೆ.

ಚಲನೆ ಚೆನ್ನಾಗಿರ್ಲಿಲ್ಲ. ಎಲ್ಲಾ ಕೀಫ್ರೇಮಿಗೂ (ಚಲನೆ ಶುರುವಾಗೋ, ನಿಲ್ಲೋ ಗುರುತು) ಈಸಿ ಈಸ್, ಅಂದ್ರೆ ಮೆಲ್ಲಗೆ ಶುರುವಾಗಿ ಮೆಲ್ಲಗೆ ನಿಲ್ಲೋ ಸೆಟ್ಟಿಂಗ್, ಹಾಕಿದ್ದೆ, ಕಲ್ಲಿನ ಮೇಲೆ ಒನಕೆ ಬಲೂನ್ ಥರ ಇಳೀತಿತ್ತು. ಸದ್ದಿಗೆ ಅಂತ ಅಜ್ಜಿಯ ಹಿತ್ತಾಳೆ ಕುಟ್ಟಾಣಿ ಕುಟ್ಟಿ ರೆಕಾರ್ಡ್ ಮಾಡಿದ್ರೆ ದೇವಸ್ಥಾನದ ಗಂಟೆ ಥರ ಟಣ್ ಅಂತು. ಮಾರ್ಚ್ 5ಕ್ಕೆ ಪೂರ್ತಿ ಸಿಕ್ಹಾಕ್ಕೊಂಡಿದ್ದೆ.

ಆರನೇ ತಾರೀಕು ಪ್ಯಾಕಿಗೆ ಪುಡಿ ಬೇಕಿತ್ತಲ್ಲ, ದೊಡ್ಡಮ್ಮನ ಮನೇಲಿ ಮಿಕ್ಸಿ ನಾನೇ ಹಾಕ್ದೆ. ಹಾಕಿ ಬಿಟ್ಟುಬಿಟ್ಟೆ, ಓಡ್ಲಿ ಅಂತ. ದೊಡ್ಡಮ್ಮ ಓಡಿ ಬಂದ್ರು. "ಬಿಡು ಬಿಡು, ಹಿಂಗ ಒಂದ ಸವನ ತಿರುವಿದ್ರ ಎಣ್ಣಿ ಬಿಟ್ಟು ಮುದ್ದಿ ಆಗತೈತಿ. ಒತ್ತು, ಬಿಡು. ಒತ್ತು, ಬಿಡು." ಗುರ್ರ್. ನಿಲ್ಲು. ಗುರ್ರ್. ನಿಲ್ಲು. ಶೇಂಗಾ ತರಿತರಿಯಾಗಿ ಎಗರಿ ಕೂರ್ತಿತ್ತು, ಒಳಕಲ್ಲಲ್ಲಿ ಕುಟ್ಟಿದಂಗೇ. ಅವ್ರು ಒತ್ತು ಒತ್ತು ಅಂತಿದ್ರೆ ನನ್ನ ತಲೇಲಿ ಆ ಐದನೇ ಲೇಯರ್ ಓಡ್ತಿತ್ತು. ಒಂದೂವರೆ ತಿಂಗಳಿಂದ ಕಾಡಿದ್ದು ಅದೇ ಒತ್ತು, ಅದ್ರ ಹೆಸರೇ ಒತ್ತು, ನಾನು ಮಾತ್ರ ಅದನ್ನ ಬಚಾವ್ ಮಾಡೋದ್ರಲ್ಲೇ ಇದ್ದೆ.

ಫೋನಲ್ಲಿ ಮಿಕ್ಸಿ ಸದ್ದು ಹಿಡ್ಕೊಂಡು ಬಂದು ಒನಕೆ ಕಿತ್ತು ಹಾಕ್ದೆ. ಈಗಿರೋದು ಹಿಂಗೆ: ಮೊದ್ಲು "ಒಳಕಲು" ನಿಂತಿರುತ್ತೆ, ತಪ್ಪಾಗಿ, ತಮ್ಮ ಓದಿದಂಗೆ. ಗುರ್ರ್, ಅಕ್ಷರ ನಡುಗ್ತವೆ. ಗುರ್ರ್, ಶೇಂಗಾ ಚುಕ್ಕೆ ಎಗರ್ತವೆ. ಮೂರನೇ ಗುರ್ರಿಗೆ ಲು ತಳದಿಂದ ಒತ್ತು ಕೆಳಗೆ ಜಾರಿ ಟಕ್ ಅಂತ ಕೂರುತ್ತೆ. ಬೀಳೋದು 3 ಫ್ರೇಮು, ಸ್ವಲ್ಪ ಜಾಸ್ತಿ ಇಳಿದು ವಾಪಸ್ ಬರೋಕೆ 5, ಆಮೇಲೆ 40 ಫ್ರೇಮ್ ಏನೂ ಅಲ್ಲಾಡಲ್ಲ. 3 ಫ್ರೇಮ್ ಭಾಳ ಕಮ್ಮಿ ಅನ್ಸುತ್ತೆ, ಮೊದ್ಲು 10 ಇಟ್ಟಿದ್ದೆ, ಏಟು ಬಿದ್ದಂಗೆ ಆಗ್ತಿರ್ಲಿಲ್ಲ.

ಮಾರ್ಚ್ 12. ತುಂಬೋದು, ಸೀಲು

ಕೊನೇ ಪ್ರಿಂಟು ಹನ್ನೆರಡು ಶೀಟು, ಮ್ಯಾಟ್ ಲ್ಯಾಮಿನೇಶನ್ ಸೇರಿಸಿ. ಎಂಟು ಇಂಚಿನ ಹೀಟ್ ಸೀಲರ್ ತಂದೆ. ಮೊದಲ್ನೇ ನಾಲ್ಕು ಪೌಚ್ ಸೀಲೇ ಕೂರ್ಲಿಲ್ಲ, ಕೈಯಲ್ಲಿ ಎಳೆದ್ರೆ ಬಿಚ್ಕೊಳ್ತಿತ್ತು. ಬಿಸಿ ಜಾಸ್ತಿ ಮಾಡ್ದೆ, ಸುಟ್ಟು ಸುಕ್ಕಾಯ್ತು. ಕಾರಣ ಬಿಸಿ ಅಲ್ಲ, ಪುಡಿ. ಸುರಿಯುವಾಗ ಬಾಯಿ ಒಳಗಡೆ ಎಣ್ಣೆ ಪುಡಿ ಮೆತ್ಕೊಂಡಿರುತ್ತೆ, ಅದ್ರ ಮೇಲೆ ಪ್ಲಾಸ್ಟಿಕ್ ಅಂಟಲ್ಲ. ಕಾಗದದ ಶಂಕು ಮಾಡಿ ಅದ್ರ ತುದಿ ಜಿಪ್ಪಿನ ಕೆಳಗೆ ಹೋಗೋ ಹಂಗೆ ಇಟ್ಟು ತುಂಬಿ, ಬಾಯನ್ನ ಒಣ ಬಟ್ಟೇಲಿ ಒರೆಸಿ ಸೀಲ್ ಮಾಡಿದ್ರೆ ಮೊದಲ್ನೇ ಸಲಕ್ಕೇ ಹಿಡೀತು.

ಖರ್ಚು

ಕ್ರಾಫ್ಟ್ ಟೆಸ್ಟ್ 120, ಮೊದಲ ಪ್ರಿಂಟ್ 270, ಎರಡನೇದು 360, ಮೂರನೇದು 540, ಲ್ಯಾಮಿನೇಶನ್ 180, ಪೌಚ್ 250, ಸೀಲರ್ 1,150, ಬ್ಲೇಡು ಟೇಪು 190, ಮೆಟ್ರೋ ಆಟೋ ಸುಮಾರು 400. ಒಟ್ಟು 3,460. ಮೊದಲ ಮೂರು ಶುದ್ಧ ದಂಡ. ಪುಡಿಗೆ ದೊಡ್ಡಮ್ಮ ದುಡ್ಡು ತಗೊಳ್ಳಿಲ್ಲ.

ಮಾರ್ಚ್ 16. ಜ್ಯೂರಿ

ಹೊರಗಿಂದ ಬಂದಿದ್ದ ಒಬ್ರು ಒಂದು ಡಬ್ಬಕ್ಕೆ ಎಷ್ಟು ಬೀಳುತ್ತೆ ಅಂದ್ರು. ಪ್ರಿಂಟು, ಲ್ಯಾಮಿನೇಶನ್, ಪೌಚು ಸೇರಿ 65, ನನ್ನ ಕೈಕೆಲಸ ಬಿಟ್ಟು. ಪುಡಿ ಮಾರೋದು 120ಕ್ಕೆ. ಅವ್ರು ಏನೂ ಹೇಳ್ದೆ ಬರ್ಕೊಂಡ್ರು. ಅನಿಮೇಶನ್ ಎರಡು ಸಲ ಹಾಕ್ಸಿಕೊಂಡು ನೋಡಿದ್ರು, ಅದೊಂದು ಸಮಾಧಾನ.

ಸಂಜೆ ದೊಡ್ಡಮ್ಮಂಗೆ ನಾಲ್ಕು ಡಬ್ಬ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ, ಭಾಳ ಛಂದ ಆಗೇತಿ ಅಂದು, ಪೌಚ್ ಕತ್ತರಿಸಿ ಪುಡಿನ ಸ್ಟೀಲ್ ಡಬ್ಬಿಗೆ ಸುರ್ಕೊಂಡ್ರು. ಖಾಲಿ ಡಬ್ಬ ಒಂದ್ರಲ್ಲಿ ಈಗ ಹೊಲಿಗೆ ದಾರ ಇದೆ. ಸೀಲರ್ ಮಾತ್ರ ವಾಪಸ್ ಕೊಟ್ಟಿಲ್ಲ, ಅದೇ ಹಳೇ ಪ್ಲಾಸ್ಟಿಕ್ ಕವರಿಗೆ ಸ್ಟೇಪ್ಲರ್ ಬದ್ಲು ಸೀಲ್ ಹೊಡೀತಿದ್ದಾರೆ, ಮೇಲಕ್ಕೆ ಅಂಟಿಸೋಕೆ ಎರಡು ಇಂಚಿನ ಗುಂಡು ಸ್ಟಿಕರ್ ಮಾಡಿಕೊಡು ಅಂದಿದ್ದಾರೆ. ಒತ್ತು ಅಂಚಿಗೆ ತಾಗ್ದಂಗೆ 5 ಎಂಎಂ ಬಿಟ್ಟು ನಿನ್ನೆ ರಾತ್ರಿ ಫೈಲ್ ಶುರು ಮಾಡ್ದೆ.